ಹೊಲಕ್ಕೆ ಬಂದ ಪರದೇಶಿ: ಸೊಲ್ಲಾಪುರ–ಅಕ್ಕಲಕೋಟೆಯ ಸುಗ್ಗಿಯ ಹಬ್ಬಗಳು

15ನೆಯ ಶತಮಾನದ ಉತ್ತರಾರ್ಧದಲ್ಲಿ ರಷ್ಯದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ ಬಹಮನಿ ರಾಜ್ಯದ ರಾಜಧಾನಿಯಾದ ಬೀದರಿಗೆ ಬಂದನು. ಅಲ್ಲಿಂದ ಯಾತ್ರಿಕರೊಡನೆ ಶ್ರೀಶೈಲದ ಜಾತ್ರೆಗೂ ಹೋದನು. ದೇವರ ಮುಂದಿದ್ದ ಕರಿಗಲ್ಲಿನ ದೊಡ್ಡ ಎತ್ತು, ಅದರ ಮೇಲಿನ ಚಿನ್ನದ ಲೇಪ, ಅದರ ಗೊರಸಿಗೆ ಮುತ್ತಿಟ್ಟು ಹೂ ಎರಚುವ ಜನ, ಇವನ್ನೆಲ್ಲ ತನ್ನ ಪ್ರವಾಸ ಕಥನದಲ್ಲಿ ಬರೆದಿಟ್ಟನು. ಕೈ ಎತ್ತಿ ನಿಂತ ಮೂರ್ತಿಯೊಂದನ್ನು ಕಂಡಾಗ ಅವನಿಗೆ ನೆನಪಾದದ್ದು ಕಾನ್‌ಸ್ಟಾಂಟಿನೋಪಲ್ಲಿನ ಜಸ್ಟೀನಿಯನ್ ಚಕ್ರವರ್ತಿಯ ಪ್ರತಿಮೆ. ಕಾಣದುದನ್ನು ಕಂಡುದರ ಮೂಲಕ ಅರಿಯುವುದು ಎಲ್ಲ ಪ್ರವಾಸಿಗಳ ರೀತಿ. ಆದರೆ ಅವನು ಇನ್ನೊಂದು ಮಾತನ್ನೂ ಬರೆದಿದ್ದಾನೆ: ತಾನು ಯಾರು, ತನ್ನ ನಂಬಿಕೆ ಯಾವುದು ಎಂದು ತಿಳಿಸಿದ ಮೇಲೆ ಇಲ್ಲಿಯ ಜನರು ಊಟ, ವ್ಯಾಪಾರ, ಪ್ರಾರ್ಥನೆ ಯಾವುದನ್ನೂ ತನ್ನಿಂದ ಮರೆಮಾಡಲಿಲ್ಲ. ನೋಟದಿಂದ ಅರಿವಿಗೆ ಹೋಗುವ ಬಾಗಿಲು ಮಾತುಕತೆಯಿಂದ ತೆರೆಯಿತು.

ನಿಕಿತಿನ್ ಕಂಡ ಅದೇ ಶ್ರೀಶೈಲದ ಮಲ್ಲಿಕಾರ್ಜುನನೇ ಸೊಲ್ಲಾಪುರದ ಸಂಕ್ರಾಂತಿಗೂ ಮೂಲ. 12ನೆಯ ಶತಮಾನದ ಶರಣ ಸಿದ್ಧರಾಮನ ಊರು ಸೊನ್ನಲಿಗೆ, ಎಂದರೆ ಇಂದಿನ ಸೊಲ್ಲಾಪುರ. ಅವನ ವಚನಗಳ ಅಂಕಿತ ‘ಕಪಿಲಸಿದ್ಧ ಮಲ್ಲಿಕಾರ್ಜುನ’. ರಾಘವಾಂಕನು ‘ಸಿದ್ಧರಾಮ ಚಾರಿತ್ರ’ದಲ್ಲಿ ಅವನ ಬಾಲ್ಯದ ಕಥೆಯನ್ನು ಹೇಳುತ್ತಾನೆ. ಹೊಲದಲ್ಲಿದ್ದ ಬಾಲಕನ ಬಳಿಗೆ ಮಲ್ಲಯ್ಯನೆಂಬ ಅಪರಿಚಿತ ಜಂಗಮನು ಬರುತ್ತಾನೆ. ಬಾಲಕನು ಎಳೆಯ ತೆನೆಯನ್ನು ಕೊಡುತ್ತಾನೆ; ಅತಿಥಿ ಕೇಳಿದ ಮಜ್ಜಿಗೆಯ ಊಟ ತರಲು ಮನೆಗೆ ಓಡುತ್ತಾನೆ. ಮರಳಿ ಬರುವಷ್ಟರಲ್ಲಿ ಮಲ್ಲಯ್ಯನಿಲ್ಲ. ಅವನನ್ನು ಅರಸುತ್ತ ಬಾಲಕನು ಶ್ರೀಶೈಲದವರೆಗೆ ಹೋಗುತ್ತಾನೆ. ಹೀಗೆ ಸೊನ್ನಲಿಗೆಯ ಭಕ್ತಿಯ ಕಥೆ ಆರಂಭವಾಗುವುದೇ ಹೊಲಕ್ಕೆ ಬಂದ ಪರಸ್ಥಳದವನಿಗೆ ಹೊಸ ಬೆಳೆ ಉಣಿಸುವುದರಿಂದ.

ಇಂದು ಪರದೇಶದ ಪ್ರವಾಸಿಯೊಬ್ಬನು ಜನವರಿಯಲ್ಲಿ ಸೊಲ್ಲಾಪುರಕ್ಕೆ ಬಂದರೆ ಅವನ ಕಣ್ಣಿಗೆ ಮೊದಲು ಬೀಳುವುದು ಸಿದ್ಧೇಶ್ವರ ಜಾತ್ರೆಯ ನಂದಿಧ್ವಜಗಳು. ಬಿಳಿಯ ಬಾರಾಬಂದಿ ತೊಟ್ಟ ಭಕ್ತರು ಏಳು ಎತ್ತರದ ಧ್ವಜಗಳನ್ನು ಹೊತ್ತು ನಡೆಯುತ್ತಾರೆ. ಮೊದಲ ದಿನ ಸಿದ್ಧರಾಮನು ಸ್ಥಾಪಿಸಿದನೆಂದು ನಂಬಲಾದ 68 ಲಿಂಗಗಳಿಗೆ ತೈಲಾಭಿಷೇಕ. ಎರಡನೆಯ ದಿನ ಸಮ್ಮತಿ ಕಟ್ಟೆಯ ಬಳಿ ಅಕ್ಷತೆ. ಮೂರನೆಯ ದಿನ ಹೋಮ. ಮುಂದೆ ಮದ್ದಿನ ಬಾಣಬಿರುಸು. ಭಾಷೆಯ ನೆರವಿಲ್ಲದ ಪ್ರವಾಸಿ ಇದನ್ನು ವರ್ಣಮಯ ಮೆರವಣಿಗೆ ಎಂದಷ್ಟೇ ದಿನಚರಿಯಲ್ಲಿ ಬರೆದುಕೊಳ್ಳಬಹುದು. ವಾಸ್ತವದಲ್ಲಿ ಅವನು ನೋಡುತ್ತಿರುವುದು ಒಂದು ಮದುವೆ. ಕುಂಬಾರರ ಕನ್ಯೆಯೊಬ್ಬಳು ಸಿದ್ಧರಾಮನನ್ನು ವರಿಸಬಯಸಿದಳು. ವಿರಕ್ತನಾದ ಅವನು ತನ್ನ ಯೋಗದಂಡವನ್ನು ವರಿಸಲು ಒಪ್ಪಿಗೆಯಿತ್ತನು ಎಂಬುದು ಐತಿಹ್ಯ. ನಂದಿಧ್ವಜವೆಂದರೆ ಆ ಯೋಗದಂಡ. ಸಮ್ಮತಿಯನ್ನು ಓದಿದಾಗ ನೆರೆದವರೆಲ್ಲ ಅಕ್ಕಿಕಾಳು ತೂರುವುದು ಆ ಮದುವೆಗೆ.

ಇದರಲ್ಲಿ ಸುಗ್ಗಿ ಎಲ್ಲಿದೆ? ವಿವರಗಳಲ್ಲಿದೆ. ಹೋಮದಲ್ಲಿ ಕುಂಬಾರ ಕನ್ಯೆಯ ಪ್ರತೀಕವಾಗಿ ಸೀರೆಯುಡಿಸಿ ಅಗ್ನಿಗೆ ಅರ್ಪಿಸುವುದು ಸಜ್ಜೆಯ ಸಿವುಡನ್ನು. ಅದೇ ಸಜ್ಜೆಯ ರೊಟ್ಟಿ ಎಳ್ಳು ಹಚ್ಚಿಸಿಕೊಂಡು ಭೋಗಿಯ ದಿನ ಮನೆಮನೆಯ ತಟ್ಟೆಯಲ್ಲಿರುತ್ತದೆ. ಸಂಕ್ರಾಂತಿಯಲ್ಲಿ ಹೊಸ ಕಾಳು, ಕಬ್ಬು, ಬೋರೆಹಣ್ಣು ತುಂಬಿ ಪೂಜಿಸುವ ಸುಗಡಿ ಕುಂಬಾರನ ಮಡಕೆಯೇ. ಹೋಮದ ಅನಂತರ, ದಿನವಿಡೀ ಉಪವಾಸವಿರಿಸಿದ ಕರುವಿನ ಮುಂದೆ ಧಾನ್ಯ, ಬೆಲ್ಲ, ಹಣ್ಣುಗಳನ್ನಿಟ್ಟು ಅದರ ನಡವಳಿಕೆಯಿಂದ ಬರುವ ವರ್ಷದ ಮಳೆ–ಬೆಲೆಗಳನ್ನು ಊಹಿಸುವ ‘ಭಾಕಣೂಕ’ ನಡೆಯುತ್ತದೆ. ಮಳೆ ಕಡಿಮೆಯಾದ ಸೀಮೆಯಲ್ಲಿ ರೈತನ ಆತಂಕ ದೇವರ ಜಾತ್ರೆಯೊಳಗೆ ಸ್ಥಾನ ಪಡೆದ ಬಗೆಯಿದು.

ಸೊಲ್ಲಾಪುರದಿಂದ ಸುಮಾರು 40 ಕಿಲೋಮೀಟರ್ ದೂರದ ಅಕ್ಕಲಕೋಟೆಯ ಸುತ್ತಿನ ಹಳ್ಳಿಗಳಲ್ಲಿ ಸುಗ್ಗಿಯ ಸಂಭ್ರಮ ಇನ್ನೂ ಮುಂಚೆ, ಮಾರ್ಗಶಿರದ ಅಮಾವಾಸ್ಯೆಯಂದೇ ಕಾಣುತ್ತದೆ. ಆಗ ಹಿಂಗಾರಿ ಜೋಳ ಹೊಲದಲ್ಲಿ ನಿಂತಿರುತ್ತದೆ. ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಜೋಳದ ದಂಟಿನ ಕೊಂಪೆ ಕಟ್ಟಿ, ಅದರೊಳಗೆ ಸುಣ್ಣ ಹಚ್ಚಿದ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಬೆಳೆಯ ನಡುವೆ ಚರಗ ಚೆಲ್ಲುತ್ತಾರೆ. ಬಳಿಕ ಸಜ್ಜೆಯ ಕಡುಬು, ಬಗೆಬಗೆಯ ಕಾಳು–ಸೊಪ್ಪುಗಳ ಭಜ್ಜಿ, ಶೇಂಗಾ ಹೋಳಿಗೆ, ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ. ಹೊಲವಿಲ್ಲದವರನ್ನೂ ದಾರಿಹೋಕರನ್ನೂ ಕರೆದು ಉಣಿಸುವುದು ಈ ದಿನದ ಮರ್ಯಾದೆ. ಪರದೇಶದ ಪ್ರವಾಸಿ ಇಲ್ಲಿ ಪ್ರೇಕ್ಷಕನಾಗಿ ಉಳಿಯುವಂತಿಲ್ಲ. ಅವನು ಪಂಕ್ತಿಯಲ್ಲಿ ಕುಳಿತ ಅತಿಥಿ. ಮಲ್ಲಯ್ಯನಿಗೆ ತೆನೆ ಕೊಟ್ಟು ಮಜ್ಜಿಗೆಗೆ ಓಡಿದ ಬಾಲಕನ ಕಥೆಯನ್ನು ಓದಿದವರಿಗೆ ಈ ಅಂಬಲಿಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಈ ಹಬ್ಬವನ್ನು ಮರಾಠಿಯಲ್ಲಿ ‘ವೇಳಾ ಅಮಾವಾಸ್ಯಾ’, ಆಡುಮಾತಿನಲ್ಲಿ ‘ಯೇಳವಸ್’ ಎನ್ನುತ್ತಾರೆ. ಕನ್ನಡದ ‘ಎಳ್ಳ ಅಮಾಸಿ’ಯೇ ಅದರ ಮೂಲ. ಸಿದ್ಧೇಶ್ವರ ಜಾತ್ರೆಯ ಮರಾಠಿ ವರದಿಗಳಲ್ಲಿ ತೈಲಾಭಿಷೇಕದ ಹೆಸರು ‘ಯಣ್ಣೀಮಜ್ಜನ’: ಎಣ್ಣಿ ಮಜ್ಜನ. ಸ್ನಾನಕ್ಕೆ ವಚನಕಾರರು ಬಳಸಿದ ‘ಮಜ್ಜನ’ ಶಬ್ದ ಇಲ್ಲಿ ಇನ್ನೂ ಬೀದಿಯಲ್ಲಿ ಜೀವಂತವಾಗಿದೆ. ಜಾತ್ರೆಯ ಕೊನೆಗೆ ನಂದಿಧ್ವಜಗಳ ವಸ್ತ್ರ ತೆಗೆಯುವ ವಿಧಿ ‘ಕಪ್ಪಡಕಳಿ’. ಕಪ್ಪಡವೆಂದರೆ ಬಟ್ಟೆ, ಕಳಿ ಎಂದರೆ ತೆಗೆ. ಮರಾಠಿ ಮಾತಾಡುವ ಭಕ್ತರು ಈ ಕನ್ನಡ ಪದಗಳನ್ನು ಪರಕೀಯವೆಂದು ಭಾವಿಸದೆ ತಮ್ಮದಾಗಿಸಿಕೊಂಡು ಕಾಪಾಡಿದ್ದಾರೆ. ಅವುಗಳ ಅರ್ಥವನ್ನು ಕಾಪಾಡುವ ಹೊಣೆ ಮಾತ್ರ ಕನ್ನಡ ಓದುವವರದು.

‘ಪರದೇಶಿ’ ಎಂಬ ಪದವನ್ನೇ ನೋಡಬಹುದು. ಮರಾಠಿಯಲ್ಲಿ ಅದಕ್ಕೆ ಬೇರೆ ನಾಡಿನವನು ಎಂಬ ಅರ್ಥ. ಕನ್ನಡದ ಬಳಕೆಯಲ್ಲಿ ದಿಕ್ಕಿಲ್ಲದವನು ಎಂಬ ಅರ್ಥವೂ ಇದೆ. ದೂರದಿಂದ ಬಂದ ಪ್ರವಾಸಿ ಮೊದಲ ಅರ್ಥದ ಪರದೇಶಿ. ಕೇಳಿ ತಿಳಿದುಕೊಂಡರೆ ಅವನ ಕೊರತೆ ನೀಗುತ್ತದೆ. ಇದೇ ಮಣ್ಣಿನಲ್ಲಿ ಹುಟ್ಟಿ, ವರ್ಷವರ್ಷವೂ ಎಣ್ಣಿಮಜ್ಜನಕ್ಕೆ ಹೋಗಿ, ಆ ಪದದಲ್ಲಿ ತನ್ನ ಭಾಷೆ ಕೇಳಿಸದ ವಿದ್ಯಾರ್ಥಿ ಎರಡನೆಯ ಅರ್ಥಕ್ಕೆ ಸಮೀಪದವನಾಗುತ್ತಾನೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಈ ಸಂಕ್ರಾಂತಿಗೆ ಪಠ್ಯದ ಸಿದ್ಧರಾಮನನ್ನು ಜೊತೆಗೆ ಕರೆದುಕೊಂಡು ಜಾತ್ರೆಗೆ ಹೋಗಬೇಕು. ಮನೆಯ ಹಿರಿಯರು ಹಬ್ಬದ ಅಡುಗೆ, ಪೂಜೆ, ಹೊಲದ ಸಾಮಗ್ರಿಗಳಿಗೆ ಬಳಸುವ ಪದಗಳನ್ನು ಕೇಳಿ, ಕನ್ನಡ–ಮರಾಠಿ ಎರಡೂ ರೂಪಗಳಲ್ಲಿ ಬರೆದುಕೊಳ್ಳಬೇಕು. ಮುಂದೊಂದು ದಿನ ಹೊಲದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ಅತಿಥಿ ‘ಇದೇನು?’ ಎಂದು ಕೇಳಿದಾಗ ಹೇಳಲು ಆ ಪಟ್ಟಿ ಬೇಕಾಗುತ್ತದೆ.