ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಲೊಕೇಲ್ ಬೆಂಬಲ

ಲೊಕೇಲ್ ಎಂಬುದು ಅಕ್ಷರಕ್ರಮ, ದಿನಾಂಕ, ಸಂಖ್ಯೆ ಮೊದಲಾದವನ್ನು ಒಂದು ಭಾಷೆ ಹಾಗೂ ಪ್ರದೇಶದ ರೂಢಿಗೆ ಅನುಗುಣವಾಗಿ ನಿರ್ವಹಿಸಲು ಗಣಕದಲ್ಲಿ ಬಳಸುವ ನಿಯಮಗಳ ಸಮೂಹ. ಮುಕ್ತ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಈ ಬೆಂಬಲವು ಮೊದಲು ಕಂಪೈಲ್ ಮಾಡುವಾಗ ಸೇರಿಸಬೇಕಾದ ಐಚ್ಛಿಕ ಅಂಗವಾಗಿತ್ತು, 2002ರ 7.3ನೇ ಆವೃತ್ತಿಯಿಂದ ಅದು ಸದಾ ಅಡಕವಾಗಿದೆ. ಅದು ಬೇಡವೆನ್ನುವ ಬಳಕೆದಾರರು 'ಸಿ' ಎಂಬ ಲೊಕೇಲನ್ನು ಆರಿಸಿಕೊಳ್ಳಬಹುದು.

ಸಿ ಲೊಕೇಲ್‌ನಲ್ಲಿ ಪದಗಳನ್ನು ಬೈಟ್‌ಗಳ ಮೌಲ್ಯಕ್ಕೆ ಅನುಸಾರವಾಗಿ ಹೋಲಿಸಲಾಗುತ್ತದೆ. ಇದರಿಂದ ವಿಂಗಡಣೆ ವೇಗವಾಗುತ್ತದೆ. ಕಾರ್ಯಾಚರಣಾ ವ್ಯವಸ್ಥೆ ಬದಲಾದರೂ ಕ್ರಮ ಬದಲಾಗುವುದಿಲ್ಲ. ಲಿನಕ್ಸ್‌ನ ಗ್ಲಿಬ್‌ಸಿ ಲೈಬ್ರರಿಯ 2.28ನೇ ಆವೃತ್ತಿಯು 2018ರಲ್ಲಿ ವಿಂಗಡಣಾ ನಿಯಮಗಳನ್ನು ಮಾರ್ಪಡಿಸಿದಾಗ, ಅವುಗಳನ್ನು ಅವಲಂಬಿಸಿದ್ದ ಪಠ್ಯದ ಇಂಡೆಕ್ಸ್‌ಗಳನ್ನು ಮರುರಚಿಸಬೇಕಾಯಿತು. ಇಲ್ಲವಾದರೆ ಇರುವ ದಾಖಲೆಯೂ ಹುಡುಕಾಟದಲ್ಲಿ ಸಿಗದಿರುವ ಅಪಾಯವಿತ್ತು.

ಆದರೆ ಬೈಟ್‌ಗಳ ಕ್ರಮವು ಭಾಷೆಯ ಕ್ರಮವಲ್ಲ. ಸಿ ಲೊಕೇಲ್‌ನಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಸಣ್ಣಕ್ಷರಗಳಿಗಿಂತ ಮೊದಲು ಬರುತ್ತವೆ. ಕನ್ನಡ ವರ್ಣಮಾಲೆಯಲ್ಲಿ 'ಳ' ಕೊನೆಯ ಅಕ್ಷರ. ಯೂನಿಕೋಡ್‌ನಲ್ಲಿ ಅದರ ಸ್ಥಾನ 'ಲ'ಕಾರದ ನಂತರ. ಆದ್ದರಿಂದ ಅಲ್ಲಿ 'ಬಳೆ' ಎಂಬ ಪದವು 'ಬಸವ' ಎಂಬುದಕ್ಕಿಂತ ಮೊದಲು ಬರುತ್ತದೆ. ಕನ್ನಡ ನಿಘಂಟಿನಲ್ಲಿ ಇದು ತಿರುವುಮುರುವು.

2011ರ 9.1ನೇ ಆವೃತ್ತಿಯಿಂದ ಪ್ರತಿಯೊಂದು ಕಾಲಮ್‌ಗೂ ಬೇರೆ ಬೇರೆ ವಿಂಗಡಣಾ ನಿಯಮವನ್ನು ಸೂಚಿಸಬಹುದು. ಹೀಗಾಗಿ ಕೇವಲ ಗುರುತಿಗಾಗಿ ಇರುವ ಸಂಕೇತಗಳಿಗೆ ಸಿ ಕ್ರಮವನ್ನೂ, ಜನರು ಓದುವ ಹೆಸರುಗಳಿಗೆ ಭಾಷೆಯ ಕ್ರಮವನ್ನೂ ಒಂದೇ ಡೇಟಾಬೇಸ್‌ನಲ್ಲಿ ಬಳಸಲು ಸಾಧ್ಯವಾಗಿದೆ.