ಜವಾಬು ಕೊಡತಕ್ಕವರು ಯಾರು?

ಸರಕಾರವು ಎಂದಿಗೂ ತಪ್ಪು ಮಾಡಬಾರದೆಂದು ಯಾವ ವಿವೇಕಿಯೂ ಅಪೇಕ್ಷಿಸಲಾರನು. ಮನುಷ್ಯರು ನಡೆಯಿಸುವ ಕಾರಭಾರದಲ್ಲಿ ತಪ್ಪುಗಳು ಆಗಿಯೇ ಆಗುವವು. ಆದರೆ ತಪ್ಪಾದಾಗ ಇದಕ್ಕೆ ಹೊಣೆ ಯಾರೆಂದು ಪ್ರಜೆಯು ಕೇಳಿದರೆ, ನಾನೆಂದು ಎದ್ದು ನಿಲ್ಲುವ ಒಬ್ಬ ಮನುಷ್ಯನಾದರೂ ಇರಬೇಕು. ಆ ಮನುಷ್ಯನು ಕುಳಿತುಕೊಳ್ಳತಕ್ಕ ಪೀಠವನ್ನೇ ಬರಿದಾಗಿಟ್ಟರೆ ಪ್ರಜೆಯ ಪ್ರಶ್ನೆಯು ಗೋಡೆಯನ್ನು ಕೇಳಿದಂತಾಗುವದು. ಬೆಳಗಾವಿ ನಗರವೂ ಖಾನಾಪುರ ತಾಲೂಕೂ ಈ ಅನುಭವವನ್ನು ಬೇಕಾದಷ್ಟು ಪಡೆದಿವೆ. ಆದುದರಿಂದ ಈ ವಿಷಯವನ್ನು ಮಹಾಜನರ ಮುಂದಿಡುವದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮೊದಲು ನಗರದ ಸಂಗತಿ. ಬೆಳಗಾವಿಯ ಮಹಾನಗರ ಪಾಲಿಕೆಯನ್ನು ಸರಕಾರವು 2005ರಲ್ಲಿ ಒಮ್ಮೆ, 2011ರಲ್ಲಿ ಮತ್ತೊಮ್ಮೆ ವಿಸರ್ಜಿಸಿತು. 2005ರಲ್ಲಿ ಪಾಲಿಕೆಯು ಮಹಾರಾಷ್ಟ್ರಕ್ಕೆ ಸೇರಬೇಕೆಂಬ ಠರಾವನ್ನು ಮಾಡಿತ್ತು. ಊರಿನ ನಲ್ಲಿ, ಗಟಾರಗಳ ಕೆಲಸಕ್ಕಾಗಿ ಆರಿಸಿ ಕಳಿಸಿದವರು ನಾಡನ್ನೇ ಒಡೆಯುವ ಠರಾವನ್ನು ಮಾಡಿದ್ದನ್ನು ನಾವು ಸಮರ್ಥಿಸುವವರಲ್ಲ. ಆ ವಿಸರ್ಜನೆಗೆ ಸರಕಾರದವರು ಕಾರಣ ಹೇಳಬಲ್ಲವರಾಗಿದ್ದರು. ಆದರೆ ಮುಂದಿನದಕ್ಕೆ ಏನು ಕಾರಣ ಹೇಳುವರು? 2019ರ ಮಾರ್ಚ್ ತಿಂಗಳಲ್ಲಿ ಪಾಲಿಕೆಯ ಅವಧಿಯು ಮುಗಿಯಿತು. ಚುನಾವಣೆ ನಡೆದದ್ದು 2021ರ ಸಪ್ಟೆಂಬರದಲ್ಲಿ. 58 ಸ್ಥಾನಗಳಲ್ಲಿ 35ನ್ನು ಒಂದೇ ಪಕ್ಷವು ಗೆದ್ದಿತು. ಬೆಂಗಳೂರಿನಲ್ಲಿ ಆಳುತ್ತಿದ್ದುದೂ ಅದೇ ಪಕ್ಷ. ಆದಾಗ್ಯೂ ಮೇಯರರ ಆಯ್ಕೆಯಾದದ್ದು 2023ರ ಫೆಬ್ರುವರಿಯಲ್ಲಿ! ಗೆದ್ದವರು ಗೆದ್ದೂ ಹದಿನೇಳು ತಿಂಗಳು ಹೊಸ್ತಿಲ ಹೊರಗೆ ನಿಂತರು. ಅಂತೂ ಸುಮಾರು ನಾಲ್ಕು ವರ್ಷಗಳ ವರೆಗೆ ಈ ದೊಡ್ಡ ನಗರದ ಆಡಳಿತವು ಅಧಿಕಾರಿಗಳ ಕೈಯಲ್ಲಿಯೇ ನಡೆಯಿತು.

ಅಧಿಕಾರಿಗಳನ್ನು ನಾವು ಹಳಿಯುವದಿಲ್ಲ. ಅವರಲ್ಲಿ ದಕ್ಷರೂ ಪ್ರಾಮಾಣಿಕರೂ ಇದ್ದಾರೆ. ಆದರೆ ಅಧಿಕಾರಿಯು ಜವಾಬು ಕೊಡುವದು ತನ್ನ ಮೇಲಿನವರಿಗೆ. ಪ್ರತಿನಿಧಿಯು ಜವಾಬು ಕೊಡಬೇಕಾದದ್ದು ತನ್ನ ಕೆಳಗಿನವರಿಗೆ, ಅಂದರೆ ಓಟು ಕೊಟ್ಟ ನೆರೆಯವನಿಗೆ. ಒಬ್ಬನು ವರ್ಗವಾಗಿ ಬೇರೆ ಊರಿಗೆ ಹೋಗುವನು. ಇನ್ನೊಬ್ಬನು ಅದೇ ಓಣಿಯಲ್ಲಿ ಮರುದಿನವೂ ಮುಖ ತೋರಿಸಬೇಕಾಗುವದು. ಈ ಭೇದವನ್ನು ಅರಿತೇ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು 1993ರಲ್ಲಿ ಜಾರಿಗೆ ಬಂದವು. ಸ್ಥಳೀಯ ಸಂಸ್ಥೆಗಳ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಮುಗಿಯತಕ್ಕದ್ದು ಎಂದು ಅವು ಸ್ಪಷ್ಟವಾಗಿ ವಿಧಿಸಿವೆ. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಒತ್ತಿ ಹೇಳಿತು.

ಇನ್ನು ಖಾನಾಪುರದ ಕಡೆಗೆ ನೋಡುವಾ. ಮಲಪ್ರಭೆಯು ಹುಟ್ಟುವದು ಈ ತಾಲೂಕಿನ ಕಣಕುಂಬಿಯಲ್ಲಿ. ಮಹದಾಯಿಯ ಮೂಲವೂ ಇಲ್ಲಿಯ ಕಾಡುಗಳಲ್ಲಿಯೇ. ಅನೇಕ ಊರುಗಳಿಗೆ ನೀರನ್ನು ಕಳಿಸುವ ಈ ತಾಲೂಕಿನ ಹಲವು ಹಳ್ಳಿಗಳಿಗೆ ಮಳೆಗಾಲದಲ್ಲಿ ಹಳ್ಳ ದಾಟಲು ನೆಟ್ಟಗೆ ಒಂದು ಸೇತುವೆಯಿಲ್ಲ. 2024ರ ಜುಲೈ ತಿಂಗಳಲ್ಲಿ ಭೀಮಗಡ ಅಭಯಾರಣ್ಯದೊಳಗಿನ ಆಮಗಾಂವದಲ್ಲಿ ಒಬ್ಬ ಮಹಿಳೆಯು ಅಸ್ವಸ್ಥಳಾದಾಗ ಊರವರು ಆಕೆಯನ್ನು ಕಟ್ಟಿಗೆಯ ಡೋಲಿಯಲ್ಲಿ ಮಲಗಿಸಿ, ಹೆಗಲ ಮೇಲೆ ಹೊತ್ತು, ಸುರಿಯುವ ಮಳೆಯಲ್ಲಿ ಕಾಡಿನ ಹಾದಿಯನ್ನು ಹಲವು ಕಿಲೋಮೀಟರು ನಡೆದರು. ಆ ದೃಶ್ಯವನ್ನು ನಾಡೆಲ್ಲ ಕಂಡು ಮರುಗಿತು. ಆದರೆ ಮರುಗುವದು ಸುಲಭ. ಹೊಣೆಗಾರನನ್ನು ಹುಡುಕುವದು ಕಠಿಣ. ರಸ್ತೆಯಾಗದ್ದಕ್ಕೆ ಅರಣ್ಯದ ಕಾಯದೆಯತ್ತ ಒಬ್ಬರು ಬೆರಳು ತೋರಿಸುವರು; ಅರಣ್ಯದವರು ಪ್ರಸ್ತಾವವೇ ಸರಿಯಾಗಿ ಬಂದಿಲ್ಲವೆನ್ನುವರು; ಅನುದಾನದ ಮಾತು ಬಂದರೆ ಮೂರನೆಯವರತ್ತ ಕೈ ಮಾಡುವರು. ಹತ್ತು ಮಂದಿಗೆ ಬಿದ್ದ ನ್ಯಾಯ ಬೇಗ ತೀರದು ಎಂಬ ಗಾದೆಯು ಸುಳ್ಳಲ್ಲ.

ಅಂದು ಆಮಗಾಂವದವರ ಪರವಾಗಿ ಜಿಲ್ಲಾ ಪಂಚಾಯತಿಯಲ್ಲಿ ಎದ್ದು ನಿಂತು ಕೇಳಬೇಕಾದ ಸದಸ್ಯನು ಯಾರು? ಯಾರೂ ಇರಲಿಲ್ಲ. ತಾಲೂಕು ಪಂಚಾಯತಿಯಲ್ಲಿ? ಅಲ್ಲಿಯೂ ಇರಲಿಲ್ಲ. ಕರ್ನಾಟಕದ ಜಿಲ್ಲಾ, ತಾಲೂಕು ಪಂಚಾಯತಿಗಳಿಗೆ 2016ರಲ್ಲಿ ಚುನಾವಣೆಯಾಗಿ, 2021ರಲ್ಲಿ ಅವಧಿ ಮುಗಿಯಿತು. ಅದೇ ವರ್ಷ ಕ್ಷೇತ್ರವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತುಕೊಂಡು ಬೇರೆ ಆಯೋಗಕ್ಕೆ ಕೊಡುವ ಕಾಯದೆಯಾಯಿತು. ವಿಳಂಬಕ್ಕಾಗಿ 2022ರ ಡಿಸೆಂಬರದಲ್ಲಿ ಉಚ್ಚ ನ್ಯಾಯಾಲಯವು ಸರಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ದಂಡದ ಹಣವಾದರೂ ಯಾರದು? ಪ್ರಜೆಯದೇ! ತನ್ನ ಪ್ರತಿನಿಧಿಯನ್ನು ಕಳೆದುಕೊಂಡವನೂ ಅವನೇ, ದಂಡ ತೆತ್ತವನೂ ಅವನೇ. 2023ರಲ್ಲಿ ಸರಕಾರ ಬದಲಾಯಿತು; ಅವಧಿ ಮುಗಿದು ನಾಲ್ಕು ವರ್ಷ ತುಂಬಿದಾಗಲೂ ಪೀಠಗಳು ಬರಿದಾಗಿಯೇ ಇದ್ದವು. ಆದುದರಿಂದ ಇದು ಒಂದು ಪಕ್ಷದ ದೋಷವಲ್ಲ. ಅಬ್ದುಲ್ ನಜೀರ ಸಾಹೇಬರ ಪ್ರಯತ್ನದಿಂದ 1983ರಲ್ಲಿ ಕಾಯದೆ ಮಾಡಿ, 1987ರಲ್ಲಿ ಚುನಾವಣೆ ನಡೆಯಿಸಿ, ಪಂಚಾಯತಿ ರಾಜ್ಯದಲ್ಲಿ ಭಾರತಕ್ಕೇ ದಾರಿ ತೋರಿಸಿದ ಕರ್ನಾಟಕಕ್ಕೆ ಇದು ಶೋಭಿಸುವದೇ?

ಗ್ರಾಮ ಪಂಚಾಯತಿಗಳು ಇವೆ, ಶಾಸಕರೂ ಇದ್ದಾರೆಂದು ಕೆಲವರು ಅನ್ನಬಹುದು. ಆದರೆ ಕಾಡಿನ ಹಳ್ಳಕ್ಕೆ ಸೇತುವೆ ಕಟ್ಟುವದು ಗ್ರಾಮ ಪಂಚಾಯತಿಯ ಶಕ್ತಿಗೆ ಮೀರಿದ ಕೆಲಸ. ಶಾಸಕರ ವಿಷಯವಾಗಿ ನಿಷ್ಠುರವಾದರೂ ಒಂದು ಮಾತನ್ನು ಹೇಳಲೇಬೇಕಾಗಿದೆ. ಕೆಳಗಿನ ಪೀಠಗಳು ಬರಿದಾಗಿರುವದು ಯಾವ ಪಕ್ಷದ ಶಾಸಕರಿಗೂ ಅಷ್ಟೇನೂ ಅಹಿತವಾಗಿ ಕಂಡಿಲ್ಲ. ಪ್ರತಿಸ್ಪರ್ಧಿಗಳು ಬೆಳೆಯುವದಿಲ್ಲ, ಸಣ್ಣ ಕೆಲಸದ ಕೀರ್ತಿಯೂ ತಮಗೇ ಸಲ್ಲುವದು, ಕೆಲಸವಾಗದಿದ್ದರೆ ಅಧಿಕಾರಿಯನ್ನು ಬೈದು ಪಾರಾಗಬಹುದು. ಅಧಿಕಾರವು ಒಂದೆಡೆ ಕೂಡಿ, ಹೊಣೆಯು ಹತ್ತು ಕಡೆಗೆ ಚದರಿದರೆ ಇನ್ನೇನಾದೀತು?

ಇದೇ ಬೆಳಗಾವಿಯಲ್ಲಿ 1924ರ ಡಿಸೆಂಬರದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಮಹಾಸಭೆಯ ಅಧಿವೇಶನ ನಡೆಯಿತು. ಗಂಗಾಧರರಾವ ದೇಶಪಾಂಡೆಯವರೇ ಮೊದಲಾದವರು ಹಗಲಿರುಳು ದುಡಿದರು. ಅಧಿವೇಶನ ಮುಗಿದ ಬಳಿಕ ಲೆಕ್ಕವನ್ನು ಒಪ್ಪಿಸಿ, ಉಳಿದ 773 ರೂಪಾಯಿಗಳಲ್ಲಿ 745ನ್ನು ಬ್ಯಾಂಕಿನಲ್ಲಿಟ್ಟರು. ಕೈಯಲ್ಲಿ ರಾಜ್ಯವಿಲ್ಲದ, ಕಾಯದೆಯ ಒತ್ತಾಯವಿಲ್ಲದ ಆ ಜನರಿಗೆ ಲೆಕ್ಕ ಕೊಡುವದು ಧರ್ಮವಾಗಿ ಕಂಡಿತು. 2024ರ ಡಿಸೆಂಬರದಲ್ಲಿ ಆ ಅಧಿವೇಶನದ ಶತಮಾನೋತ್ಸವಕ್ಕೆಂದು ನಗರವನ್ನು ದೀಪಗಳಿಂದ ಶೃಂಗರಿಸಿದರು. ಶೃಂಗಾರಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಹಿರಿಯರ ಉತ್ಸವವನ್ನು ಮಾಡಿ ಅವರ ಲೆಕ್ಕದ ಪುಸ್ತಕವನ್ನು ಮರೆಯುವದು ಅವರಿಗೆ ಸಲ್ಲಿಸುವ ಗೌರವವಲ್ಲ.

ಕೇಳಿದರೆ ಉತ್ತರ ಬರುತ್ತದೆ ಎಂಬುದಕ್ಕೂ ಖಾನಾಪುರವೇ ಸಾಕ್ಷಿ. ಭೀಮಗಡದೊಳಗಿನ ತಳೇವಾಡಿಯ 27 ಕುಟುಂಬಗಳು ತಾವಾಗಿಯೇ ಕಾಡಿನಿಂದ ಹೊರಗೆ ಬರಲು ಒಪ್ಪಿದಾಗ, ಪ್ರತಿ ಕುಟುಂಬಕ್ಕೆ 15 ಲಕ್ಷ ರೂಪಾಯಿಗಳ ಪರಿಹಾರ ಗೊತ್ತಾಗಿ, 2025ರ ಮೇ ತಿಂಗಳಲ್ಲಿ ಅರಣ್ಯ ಮಂತ್ರಿಗಳೇ ಬಂದು ಮೊದಲ ಕಂತಿನ ಚೆಕ್ಕುಗಳನ್ನು ಕೊಟ್ಟರು. ಕಾಡೂ ಉಳಿಯಬೇಕು, ಜನರೂ ಬದುಕಬೇಕು. ಹೊರಗೆ ಬರಲೊಪ್ಪುವವರಿಗೆ ಪರಿಹಾರವೂ, ಅಲ್ಲಿಯೇ ಇರುವವರಿಗೆ ಹಾದಿ, ಔಷಧಗಳೂ ಸರಕಾರದ ಋಣವೇ ಹೊರತು ಕೃಪೆಯಲ್ಲ.

2006ರಲ್ಲಿ ವಿಧಾನಮಂಡಲವು ಮೊದಲ ಸಲ ಬೆಳಗಾವಿಯಲ್ಲಿ ಕೂಡಿತು. 2012ರಲ್ಲಿ ಸುವರ್ಣ ವಿಧಾನಸೌಧವು ಉದ್ಘಾಟನೆಯಾಯಿತು. ಗಡಿನಾಡಿನ ಕನ್ನಡಿಗರು ಅದನ್ನು ಅಭಿಮಾನದಿಂದ ಸ್ವಾಗತಿಸಿದರು. ಆ ಅಭಿಮಾನವು ಸಾರ್ಥಕವಾಗಬೇಕಾದರೆ ಅಲ್ಲಿ ಕೂಡುವ ಪ್ರತಿಯೊಂದು ಅಧಿವೇಶನದ ಮೊದಲ ದಿನವೇ ಮೂರು ಸಂಗತಿಗಳನ್ನು ಸಭೆಯ ಮುಂದಿಡಬೇಕೆಂದು ನಾವು ಸರಕಾರವನ್ನು ಆಗ್ರಹಪಡಿಸುತ್ತೇವೆ: ಪ್ರತಿಯೊಂದು ಸ್ಥಳೀಯ ಸಂಸ್ಥೆಯ ಅವಧಿ ಎಂದು ಮುಗಿಯುವದು, ಚುನಾವಣೆ ಎಂದು ಎಂಬುದರ ಪಟ್ಟಿ, ಹಿಂದಿನ ವರ್ಷ ಅದೇ ಸಭೆಯಲ್ಲಿ ಕೊಟ್ಟ ವಚನಗಳಲ್ಲಿ ನಡೆದವೆಷ್ಟು, ನಡೆಯದವೆಷ್ಟು ಎಂಬುದರ ಲೆಕ್ಕ, ಖಾನಾಪುರದ ಕಾಡುಹಳ್ಳಿಗಳ ಪ್ರತಿ ಸೇತುವೆಗೂ ಹೊಣೆಯಾದ ಒಂದು ಇಲಾಖೆಯ ಹೆಸರು.

ಮಹಾಜನರಿಗೂ ನಮ್ಮದೊಂದು ಬಿನ್ನಹವಿದೆ. ಓಟು ಕೊಡುವಾಗ ಭಾಷೆ, ಜಾತಿ, ಪಕ್ಷಗಳನ್ನು ನೋಡಿ, ಗಟಾರ ತುಂಬಿದಾಗ ಮಾತ್ರ ಹೊಣೆಗಾರನನ್ನು ಹುಡುಕುವದು ನ್ಯಾಯವಲ್ಲ. ನಾಲ್ಕು ವರ್ಷ ಮೇಯರರಿಲ್ಲದಾಗ ನಗರದ ಓದುಬರಹ ಬಲ್ಲವರು ಮೌನವಾಗಿದ್ದರೆ ಸರಕಾರವು ಆ ಮೌನವನ್ನು ಸಮ್ಮತಿಯೆಂದೇ ಎಣಿಸುವದು. ಕೇಳುವವನು ಎಚ್ಚತ್ತಿದ್ದರೆ ಮಾತ್ರ ಹೇಳುವವನು ಎಚ್ಚತ್ತಿರುವನು.