ಪರದೇಶದ ಸೆರೆಯಲ್ಲಿ ಒಂದು ಹಕ್ಕು: ವಿಯೆನ್ನಾ ಒಡಂಬಡಿಕೆಯ 36ನೆಯ ವಿಧಿ

ಮಾನವ ಹಕ್ಕುಗಳ ಮಾತು ಬಂದಾಗ 1948ರ ಸಾರ್ವತ್ರಿಕ ಘೋಷಣೆಯನ್ನು ಎಲ್ಲರೂ ನೆನೆಯುತ್ತಾರೆ. ಪರದೇಶದಲ್ಲಿ ಬದುಕು ಕಟ್ಟಿಕೊಂಡಿರುವ ನಮ್ಮಂಥವರಿಗೆ ಅದಕ್ಕಿಂತ ಹತ್ತಿರವಾದದ್ದು, ನನ್ನ ದೃಷ್ಟಿಯಲ್ಲಿ, 1963ರ ಏಪ್ರಿಲ್ 24ರಂದು ಸಿದ್ಧಗೊಂಡ ಕಾನ್ಸುಲರ್ ಸಂಬಂಧಗಳ ವಿಯೆನ್ನಾ ಒಡಂಬಡಿಕೆಯ 36ನೆಯ ವಿಧಿ. ಆ ಒಡಂಬಡಿಕೆಯ ಬಹುಪಾಲು ಕಚೇರಿ, ಕಡತ, ತೆರಿಗೆ ವಿನಾಯಿತಿಗಳಂಥ ಒಣ ಸಂಗತಿಗಳಿಗೆ ಮೀಸಲು. ಅವುಗಳ ನಡುವೆ ಈ ವಿಧಿ ಲಾಕಪ್ಪಿನಲ್ಲಿ ಕುಳಿತ ಪರಕೀಯನ ಕಡೆಗೆ ತಿರುಗಿ ನೋಡುತ್ತದೆ.

ವಿಧಿಯ ಸಾರ ಇಷ್ಟು. ವಿದೇಶಿ ಪ್ರಜೆಯನ್ನು ಬಂಧಿಸಿದಾಗ, ತನ್ನ ದೇಶದ ಕಾನ್ಸುಲೇಟಿಗೆ ಸುದ್ದಿ ಮುಟ್ಟಿಸುವಂತೆ ಕೇಳುವ ಹಕ್ಕು ಅವನಿಗಿದೆಯೆಂದು ಪೊಲೀಸರು ವಿಳಂಬವಿಲ್ಲದೆ ತಿಳಿಸಬೇಕು. ಅವನು ಕೇಳಿದರೆ ವಿಳಂಬವಿಲ್ಲದೆ ಸುದ್ದಿ ಮುಟ್ಟಿಸಬೇಕು. ಕಾನ್ಸುಲೇಟಿನ ಅಧಿಕಾರಿಗಳು ಅವನನ್ನು ಸೆರೆಮನೆಯಲ್ಲಿ ಕಾಣಬಹುದು, ಪತ್ರವ್ಯವಹಾರ ನಡೆಸಬಹುದು, ವಕೀಲರನ್ನು ಗೊತ್ತುಮಾಡಿಕೊಡಬಹುದು. ಅವನು ಸ್ಪಷ್ಟವಾಗಿ ಬೇಡವೆಂದರೆ ಅವರು ಅವನ ಪರವಾಗಿ ಮುಂದುವರಿಯುವಂತಿಲ್ಲ. ಅವನನ್ನು ಬಿಡಿಸಿಕೊಂಡು ಬರುವ ಅಧಿಕಾರವಂತೂ ಅವರಿಗಿಲ್ಲ.

ಇಷ್ಟು ಸಣ್ಣ ಕರ್ತವ್ಯವನ್ನು ಮರೆತರೆ ಏನಾದೀತು? ಲಾಗ್ರಾಂಡ್ ಸಹೋದರರ ಪ್ರಕರಣ ಉತ್ತರಿಸುತ್ತದೆ. ಜರ್ಮನ್ ಪ್ರಜೆಗಳಾದ ಕಾರ್ಲ್ ಮತ್ತು ವಾಲ್ಟರ್ 1982ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಬ್ಯಾಂಕ್ ದರೋಡೆ ಹಾಗೂ ಕೊಲೆಯ ಆರೋಪದ ಮೇಲೆ ಬಂಧಿತರಾದರು. ಅವರಿಗೆ ಈ ಹಕ್ಕನ್ನು ಯಾರೂ ತಿಳಿಸಲಿಲ್ಲ. ಜರ್ಮನ್ ಕಾನ್ಸುಲೇಟಿಗೆ ವಿಷಯ ತಿಳಿದದ್ದು 1992ರಲ್ಲಿ, ಅದೂ ಆ ಸಹೋದರರಿಂದಲೇ. ಅಷ್ಟರಲ್ಲಿ ಮರಣದಂಡನೆ ವಿಧಿಸಿಯಾಗಿತ್ತು. ಕಾರ್ಲ್‌ಗೆ 1999ರ ಫೆಬ್ರವರಿ 24ರಂದು ಶಿಕ್ಷೆ ಜಾರಿಯಾಯಿತು. ವಾಲ್ಟರ್‌ನ ಶಿಕ್ಷೆಯನ್ನು ತಡೆಯುವಂತೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಮಾರ್ಚ್ 3ರಂದು ಆದೇಶಿಸಿತು. ಅರಿಜೋನಾ ಅದೇ ದಿನ ಅವನನ್ನೂ ಕೊಂದಿತು. ಅವರ ಅಪರಾಧ ಘೋರವಾದದ್ದೇ. ಆದರೆ ಈ ಹಕ್ಕು ನಿರಪರಾಧಿಗಳಿಗಷ್ಟೇ ಮೀಸಲಲ್ಲ. 2001ರ ತೀರ್ಪಿನಲ್ಲಿ ನ್ಯಾಯಾಲಯ ಅಮೆರಿಕ ಒಡಂಬಡಿಕೆಯನ್ನು ಮುರಿದಿದೆಯೆಂದಿತು. 36ನೆಯ ವಿಧಿ ದೇಶಗಳಿಗೆ ಮಾತ್ರವಲ್ಲ, ಬಂಧಿತ ವ್ಯಕ್ತಿಗೂ ಹಕ್ಕನ್ನು ಕೊಡುತ್ತದೆಯೆಂದೂ ಸಾರಿತು. ಇದು ಆ ತೀರ್ಪಿನ ತಿರುಳು.

2004ರಲ್ಲಿ ಮೆಕ್ಸಿಕೋ ತಂದ ಅವೆನಾ ಪ್ರಕರಣದಲ್ಲೂ ಅಮೆರಿಕ ಸೋತಿತು. ಮರುವರ್ಷ ಅದು, ಇಂಥ ವ್ಯಾಜ್ಯಗಳನ್ನು ಹೇಗ್‌ಗೆ ಒಯ್ಯಲು ದಾರಿಮಾಡಿದ್ದ ಐಚ್ಛಿಕ ಪೂರಕ ಒಪ್ಪಂದದಿಂದಲೇ ಹೊರನಡೆಯಿತು. ತೀರ್ಪು ಒಗ್ಗದಿದ್ದಾಗ ಅಂಗಳವನ್ನೇ ತೊರೆಯುವ ಈ ರೀತಿ ದೊಡ್ಡ ರಾಷ್ಟ್ರಕ್ಕೆ ಶೋಭೆಯಲ್ಲವೆಂದೇ ನನ್ನ ಭಾವನೆ. 36ನೆಯ ವಿಧಿಯ ಬಾಧ್ಯತೆ ಮಾತ್ರ ಅಲ್ಲಿ ಇಂದಿಗೂ ಇದೆ.

ಭಾರತೀಯರಿಗೆ ಪರಿಚಿತವಾದದ್ದು ಕುಲಭೂಷಣ್ ಜಾಧವ್ ಪ್ರಕರಣ. 2016ರ ಮಾರ್ಚ್ 3ರಂದು ಅವರನ್ನು ಬಂಧಿಸಿದುದಾಗಿ ಹೇಳಿದ ಪಾಕಿಸ್ತಾನ, ಭಾರತಕ್ಕೆ ತಿಳಿಸಿದ್ದು ಮಾರ್ಚ್ 25ರಂದು. ಗೂಢಚರ್ಯೆಯ ಆರೋಪಿಗೆ ಈ ವಿಧಿ ಅನ್ವಯಿಸದೆಂದು ಅದು ವಾದಿಸಿತು. 2019ರ ಜುಲೈ 17ರಂದು ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು: ವಿಧಿಯಲ್ಲಿ ಅಂಥ ಅಪವಾದವೇ ಇಲ್ಲ; ಮೂರು ವಾರಗಳ ಕಾಯುವಿಕೆ ವಿಳಂಬವೇ. ಆದರೆ ಶಿಕ್ಷೆಯನ್ನು ರದ್ದುಪಡಿಸಿ ಬಿಡುಗಡೆ ಮಾಡಬೇಕೆಂಬ ಭಾರತದ ಬೇಡಿಕೆಯನ್ನು ಅದು ಒಪ್ಪಲಿಲ್ಲ. ತೀರ್ಪಿನ ಪರಿಣಾಮಕಾರಿ ಮರುಪರಿಶೀಲನೆ ಆಗಲೆಂದಿತು. ನಮ್ಮ ಪತ್ರಿಕೆಗಳ ಸಂಭ್ರಮದಲ್ಲಿ ಈ ಎರಡನೆಯ ಭಾಗ ಮಂಕಾಗಿತ್ತು.

ಇನ್ನು ನಮ್ಮ ಓದುಗರಿಗೆ ನೇರವಾಗಿ ತಟ್ಟುವ ಎರಡು ಮಾತು. ಬ್ರಿಟನ್, ಚೀನಾ ಮುಂತಾದ ಕೆಲವು ದೇಶಗಳೊಡನೆ ಅಮೆರಿಕಕ್ಕೆ ಪ್ರತ್ಯೇಕ ಒಪ್ಪಂದಗಳಿವೆ. ಅಲ್ಲಿಯ ಪ್ರಜೆ ಬಂಧಿತನಾದರೆ ಅವನು ಕೇಳದಿದ್ದರೂ ಕಾನ್ಸುಲೇಟಿಗೆ ತಿಳಿಸಲೇಬೇಕು. ಭಾರತೀಯ ಪ್ರಜೆ ಆ ಪಟ್ಟಿಯಲ್ಲಿಲ್ಲ. ಅವನು ಬಾಯಿಬಿಟ್ಟು ಕೇಳಬೇಕು.

ಎರಡನೆಯದು ಪೌರತ್ವ. ಓಸಿಐ ಕಾರ್ಡು ಹೆಸರಿನಲ್ಲಿ ಪೌರತ್ವವೆಂದರೂ ಕಾನೂನಿನಲ್ಲಿ ಪೌರತ್ವವಲ್ಲ. ಕೆನಡಾದ ಪ್ರಜೆಯಾದ ಕನ್ನಡಿಗ ದುಬೈನಲ್ಲಿ ಬಂಧಿತನಾದರೆ, ಈ ವಿಧಿಯಂತೆ ಅವನನ್ನು ಕಾಣುವ ಹಕ್ಕುಳ್ಳವರು ಕೆನಡಾದ ಅಧಿಕಾರಿಗಳು, ಭಾರತದವರಲ್ಲ. ಅವನು ಕೆನಡಾದಲ್ಲಿಯೇ ಬಂಧಿತನಾದರೆ ಈ ವಿಧಿ ಅವನಿಗೆ ಅನ್ವಯಿಸುವುದೇ ಇಲ್ಲ. ಅಲ್ಲಿ ಅವನು ಪರಕೀಯನಲ್ಲ.